ಸಣ್ಣಮ್ಮನ ಕಿವಿಗೆ ಬಂದ ಸರ್ಕಾರಿ ಆದೇಶ

ಇಲ್ಲದ ದನಿ ಕೇಳಿಸುವವರಿಗೆ ಮಾತ್ರೆ ಕೊಡುವುದೇ ಎಷ್ಟೋ ವರ್ಷ ನನ್ನ ನೌಕರಿಯಾಗಿತ್ತು. ಅಂಥವಳು ಈಗ ಒಂದು ಇಲ್ಲದ ದನಿಯ ಬಗ್ಗೆ, ಅದೂ ಆ ದನಿ ನಿಜ ಹೇಳಿತು ಎಂದು, ಬರೆಯಲು ಕೂತಿದ್ದೇನೆ. ನನ್ನ ಜೊತೆ ಓದಿದ ಡಾಕ್ಟರುಗಳು ಇದನ್ನು ನೋಡಿದರೆ ನಗುತ್ತಾರೆ. ನಗಲಿ. ನಾನೂ ಬೇರೆಯವರು ಹೇಳಿದಾಗ ನಕ್ಕವಳೇ. ದೆವ್ವ, ಗಾಳಿ, ಮಾಟ, ಶಕುನ ಇವುಗಳಲ್ಲಿ ಒಂದನ್ನೂ ನಾನು ನಂಬಿದವಳಲ್ಲ. ದೃಷ್ಟಿಯಾಗದಿರಲಿ ಎಂದು ನಮ್ಮ ಅತ್ತೆ ಬಾಗಿಲಿಗೆ ಕಟ್ಟುತ್ತಿದ್ದ ನಿಂಬೆಹಣ್ಣನ್ನು ಮಾರನೆಯ ದಿನವೇ ಬಿಚ್ಚಿ ಚಿತ್ರಾನ್ನಕ್ಕೆ ಹಿಂಡುತ್ತಿದ್ದೆ. ಅವರು ಬಾಯಿತುಂಬ ಉಣ್ಣುತ್ತಿದ್ದರು. ಏನೂ ಆಗಲಿಲ್ಲ.

ಮನಸ್ಸಿನ ಕಾಯಿಲೆಗೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೇ ಬೇಕಾಗಬಾರದು, ತಾಲ್ಲೂಕಿನಲ್ಲೇ ಮಾತ್ರೆ ಸಿಗಬೇಕು ಎಂದು ಸರ್ಕಾರ ಒಂದು ಕಾರ್ಯಕ್ರಮ ಶುರುಮಾಡಿದ ಕಾಲ ಅದು. ನಮ್ಮ ಕಡೆ ನಂಜನಗೂಡು, ಟಿ. ನರಸೀಪುರ ಎರಡು ತಾಲ್ಲೂಕಿಗೂ ಸೇರಿಸಿ ಮಂಜೂರಾಯಿತು. ಅದನ್ನು ಮುನ್ನಡೆಸುವವರು ಯಾರು ಎಂದು ಸಭೆಯಲ್ಲಿ ಕೇಳಿದಾಗ ಉಳಿದ ಡಾಕ್ಟರುಗಳೆಲ್ಲ ನೆಲ ನೋಡುತ್ತಿದ್ದರು. ನಾನು ಟೀ ಲೋಟ ಇಡಲು ಜಾಗ ಹುಡುಕುತ್ತಾ ತಲೆ ಎತ್ತಿದೆ. ಹೆಸರು ಬರೆದುಕೊಂಡರು. ಬೆಂಗಳೂರಿಗೆ ಕಳಿಸಿ ಕೆಲವು ತಿಂಗಳು ತರಬೇತಿ ಕೊಟ್ಟು, ಒಂದು ಹಳೆಯ ಜೀಪು, ಪುಟ್ಟಸ್ವಾಮಿ ಎಂಬ ಡ್ರೈವರು, ಒಂದು ಕಬ್ಬಿಣದ ಬೀರು ತುಂಬ ಮಾತ್ರೆ ಕೊಟ್ಟು ಬಿಟ್ಟರು.

ಮಂಗಳವಾರ ನಂಜನಗೂಡು, ಗುರುವಾರ ಟಿ. ನರಸೀಪುರ. ಮೊದಮೊದಲು ಯಾರೂ ಬರುತ್ತಿರಲಿಲ್ಲ. ನರಸೀಪುರದಲ್ಲಿ ನಮಗೂ ಕುಟುಂಬ ಯೋಜನೆಯವರಿಗೂ ಒಂದೇ ಕೋಣೆ, ನಡುವೆ ಒಂದು ಬಟ್ಟೆಯ ಪರದೆ. ಆಪರೇಷನ್ ವಿಚಾರಿಸಲು ಬಂದ ಒಬ್ಬಾತ ತಪ್ಪಿ ನನ್ನ ಮುಂದೆ ಕೂತು, ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ ತನ್ನ ಅಪ್ಪ ಹೊಡೆದದ್ದು, ಅಣ್ಣ ಮಾತು ಬಿಟ್ಟದ್ದು ಎಲ್ಲವನ್ನೂ ಅರ್ಧ ಗಂಟೆ ಹೇಳಿ, ಮೂಗೊರಸಿಕೊಂಡು ಹಗುರಾಗಿ ಎದ್ದುಹೋದ. ಆಪರೇಷನ್ನಿನ ವಿಷಯ ಅವನೂ ಮರೆತ. ನಮ್ಮ ಕಾರ್ಯಕ್ರಮದ ಮೊದಲ ಯಶಸ್ಸು ಅದೇ ಇರಬೇಕು.

ನಿಧಾನವಾಗಿ ಜನ ಬಂದರು. ಸೋಸಲೆಯ ಒಬ್ಬ ಹೆಂಗಸನ್ನು ಮನೆಯವರು ಬೇರೆ ದಾರಿ ಕಾಣದೆ ವರ್ಷಗಟ್ಟಲೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದರು. ನಾಲ್ಕು ತಿಂಗಳ ಮಾತ್ರೆಯಲ್ಲಿ ಆಕೆ ನಾಟಿ ಕೆಲಸಕ್ಕೆ ಹೋಗುವಂತಾದಳು. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಬಿಟ್ಟು ಕೂತಿದ್ದವನೊಬ್ಬ ಮತ್ತೆ ಪಾಳಿಗೆ ಹೋದ. ಜೀಪು ಕಂಡರೆ ಜನ ಕೈ ಎತ್ತುವಂತಾಯಿತು. ಹಳ್ಳಿಹಳ್ಳಿಯಲ್ಲಿ ನಿಂತು ನಾನು ಮಾಡುತ್ತಿದ್ದ ಭಾಷಣದ ಮುಖ್ಯ ಮಾತು ಇದು: ಬೇರೆಯವರಿಗೆ ಕೇಳಿಸದ ದನಿ ನಿಮಗೆ ಕೇಳಿಸಿದರೆ ಅದು ದೇವರಲ್ಲ, ದೆವ್ವವಲ್ಲ, ಕಾಯಿಲೆ. ಮಾತ್ರೆ ಇದೆ, ಬನ್ನಿ.

ಹಾಗೆ ನಂಜನಗೂಡಿಗೆ ಬಂದವಳು ಸಣ್ಣಮ್ಮ.

ದೇವನೂರಿನ ಪಕ್ಕದ ಒಂದು ಹಳ್ಳಿಯವಳು. ನಲವತ್ತರ ಆಸುಪಾಸು. ಅವಳ ಗಂಡ ಗುರುಮಲ್ಲಪ್ಪ ಕರೆದುಕೊಂಡು ಬಂದಿದ್ದ. ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಟವಲು, ತನ್ನ ತಪ್ಪೇನೋ ಇದೆ ಎಂಬಂತೆ ಮುಖ. ಕೂತುಕೊಳ್ಳಿ ಎಂದೆ. ಅವನು ಕೂತ. ಅವಳು ನಿಂತೇ ಇದ್ದಳು. ಕಾಲುಗಳು ಮೊಣಕಾಲಿನವರೆಗೂ ಊದಿದ್ದವು.

"ಕೂತ್ಕೊಳಮ್ಮ," ಎಂದೆ.

"ಈಗ ಕೂತ್ಕಬಾರ್ದು ಕಣ್ರವ್ವ," ಎಂದಳು ಮೆಲ್ಲಗೆ. "ಅವ ಓದ್ತಾವ್ನೆ."

"ಯಾರು?"

"ಗೊತ್ತಿಲ್ಲ. ಆಪೀಸ್ನವ."

ಗುರುಮಲ್ಲಪ್ಪ ವಿವರಿಸಿದ. ಆರೇಳು ತಿಂಗಳಿಂದ ಅವಳ ಕಿವಿಯಲ್ಲಿ ಒಬ್ಬ ಗಂಡಸು ಓದುತ್ತಾನೆ. ಬೈಯುವುದಿಲ್ಲ, ಹೆದರಿಸುವುದಿಲ್ಲ, ಬರೀ ಓದುತ್ತಾನೆ. ಬೆಳಗ್ಗೆ ಹತ್ತೂವರೆಗೆ ಶುರುಮಾಡಿದರೆ ಸಾಯಂಕಾಲ ಐದೂವರೆಗೆ ನಿಲ್ಲಿಸುತ್ತಾನೆ. "ಬಾನ್ವಾರ ಬರಲ್ಲ ಕಣ್ರವ್ವ. ಎರಡ್ನೇ ಸನಿವಾರವೂವೆ ಬರಲ್ಲ. ಓದ್ಸಲ ಗೌರಿ ಗಣೇಸ್ನಬ್ಬಕ್ಕೂ ಬಂದಿಲ್ಲ," ಎಂದ. ಅವನು ಓದುವಾಗ ಕೂರುವುದು ತಪ್ಪು ಎಂದು ಅವಳಿಗೆ ಅನಿಸಿಬಿಟ್ಟಿದೆ. ಹಾಗಾಗಿ ದಿನಕ್ಕೆ ಏಳು ಗಂಟೆ ನಿಲ್ಲುತ್ತಾಳೆ. ಕಾಲುನೋವಿಗೆ ರಾತ್ರಿ ನಿದ್ದೆಯಿಲ್ಲ.

ದನಿಗಳು ನನಗೆ ಹೊಸದಲ್ಲ. ಆದರೆ ರಜಾಪಟ್ಟಿ ಪಾಲಿಸುವ ದನಿ ಮೊದಲ ಸಲ. ನಗು ತಡೆದುಕೊಂಡು, ಅವನು ಈಗ ಏನು ಓದುತ್ತಿದ್ದಾನೆ, ನೀನು ಹೇಳು ಎಂದೆ. ಸಣ್ಣಮ್ಮ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ನೋಡುತ್ತಾ ಶುರುಮಾಡಿದಳು.

"ಸಾರ್ವಜನಿಕ ಹಿತದೃಷ್ಟಿಯಿಂದ ಹಾಗೂ ತಕ್ಷಣದಿಂದ ಜಾರಿಗೆ ಬರುವಂತೆ, ಶ್ರೀಮತಿ ಪುಷ್ಪಲತಾ, ಕಿರಿಯ ಆರೋಗ್ಯ ಸಹಾಯಕಿ, ಇವರನ್ನು ಹಾಲಿ ಹುದ್ದೆಯಿಂದ ಬಿಡುಗಡೆಗೊಳಿಸಿ..."

ಪೆನ್ನು ನನ್ನ ಕೈಯಲ್ಲೇ ನಿಂತಿತು. ಪುಷ್ಪಲತಾ ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದಳು. ಆದರೆ ನನ್ನನ್ನು ಅಲ್ಲಾಡಿಸಿದ್ದು ಆ ಹೆಸರಲ್ಲ, ಹಕಾರ. ಹಬ್ಬವನ್ನು ಅಬ್ಬ, ಹೊಲವನ್ನು ಒಲ ಎನ್ನುವ ಹೆಂಗಸು, ಒಂದಕ್ಷರ ಓದಲು ಬಾರದವಳು, 'ಹಿತದೃಷ್ಟಿ' ಎಂದಾಗ ಹ ಹವಾಗಿಯೇ ಬಂತು. ಶಕಾರ ಷಕಾರಗಳಲ್ಲೂ ಒಂದೂ ತಪ್ಪಲಿಲ್ಲ. ನನ್ನ ಕಚೇರಿಯ ಗುಮಾಸ್ತರು ಕೂಡ ಅಷ್ಟು ಸ್ಪಷ್ಟವಾಗಿ ಓದುತ್ತಿರಲಿಲ್ಲ. ಮುಗಿದ ಮೇಲೆ ಅವಳು ಮತ್ತೆ ತನ್ನ ದನಿಗೆ ಬಂದು, "ಇಂಗೇ ಕಣ್ರವ್ವ, ದಿನಗಟ್ಲೆ," ಎಂದಳು.

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ರೇಡಿಯೋ ಇದೆ, ಪಂಚಾಯಿತಿ ಸಭೆ ಇದೆ, ಕಿವಿಗೆ ಬಿದ್ದದ್ದು ಮನಸ್ಸಿನಲ್ಲಿ ಎಲ್ಲೋ ಉಳಿದಿರುತ್ತದೆ. ಪುಷ್ಪಲತಾ ಅವರ ಊರಿಗೂ ಪೋಲಿಯೋ ಹನಿ ಹಾಕಲು ಹೋಗುತ್ತಿದ್ದಳು. ಕೇಸ್ ಶೀಟಿನಲ್ಲಿ ಕಾಯಿಲೆಯ ಹೆಸರು ಬರೆದು, ಎರಡು ವಾರದ ಮಾತ್ರೆ ಕೊಟ್ಟು ಕಳಿಸಿದೆ. ಹತ್ತನೆಯ ದಿನ ಪುಷ್ಪಲತಾಳಿಗೆ ವರ್ಗವಾಯಿತು. ಅದಕ್ಕೂ ಉತ್ತರವಿತ್ತು. ಅವಳು ವರ್ಗಕ್ಕೆ ಓಡಾಡುತ್ತಿದ್ದದ್ದು ಆಸ್ಪತ್ರೆಯ ಬೆಕ್ಕಿಗೂ ಗೊತ್ತಿತ್ತು.

ಎರಡು ವಾರವಾಯಿತು, ಮೂರಾಯಿತು, ಸಣ್ಣಮ್ಮ ಬರಲಿಲ್ಲ. ಒಂದು ದಿನ ಜೀಪು ಓಡಿಸುತ್ತಾ ಪುಟ್ಟಸ್ವಾಮಿ ಹಿಂದೆ ಮುಂದೆ ನೋಡಿ ಹೇಳಿದ.

"ಮೇಡಂ, ಆಯಮ್ಮ ಬರಲ್ಲ. ಬರಾಕೆ ಬಿಡಲ್ಲ."

"ಯಾರು ಬಿಡಲ್ಲ? ಗಂಡನಾ?"

"ಗಂಡ ಪಾಪ ಏನ್ ಮಾಡಾನು. ಆಪೀಸ್ನೋರು ಮೇಡಂ. ಪುಷ್ಪಲತಾ ಸಿಸ್ಟರ್ದು ನಿಜ ಆಯ್ತಲ್ಲ, ಆವತ್ತಿಂದ ಟ್ರಾನ್ಸ್‌ಫರ್ ಕಾಯ್ಕಂಡಿರೋ ನೌಕರ್ರೆಲ್ಲ ಅಲ್ಲೇ ಅವ್ರೆ. ನಾನೂ ಒಂದ್ಸಲ ಓಗಿದ್ದೆ," ಎಂದು ಗೇರು ಬದಲಾಯಿಸಿ, "ನಂದೇನೂ ಬರ್ಲಿಲ್ಲ," ಎಂದು ಸೇರಿಸಿದ.

ಜೀಪು ಅಲ್ಲೇ ತಿರುಗಿಸಲು ಹೇಳಿದೆ.

ಆ ಮನೆಯ ಮುಂದೆ ಕಂಡದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅಂಗಳದಲ್ಲಿ ಸಣ್ಣಮ್ಮ ಕೈಯಲ್ಲಿ ಮೊರ ಹಿಡಿದು ನಿಂತಿದ್ದಾಳೆ. ಅವಳ ಎದುರಿಗೆ ಸಾಲಾಗಿ ನಾಲ್ವರು ಗಂಡಸರು, ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು, ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದಾರೆ. ಆದೇಶ ಓದುವಾಗ ಕೂರುವುದು ಅವರಿಗೂ ಸರಿ ಕಂಡಿರಲಿಲ್ಲ. ಜಗಲಿಯ ಮೇಲೆ ಒಂದು ಗೊನೆ ರಸಬಾಳೆ, ತೆಂಗಿನಕಾಯಿ. ನಾಲ್ವರಲ್ಲಿ ಹಿರಿಯರು ಕಂದಾಯ ಇಲಾಖೆಯ ಶಿರಸ್ತೇದಾರ್ ರಾಜಶೇಖರಯ್ಯ. ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿತ್ತು. ಹೋಗುವ ಮೊದಲು ಒಂದು ಬಡ್ತಿ ಬರುತ್ತದೆಯೇ ಎಂದು ತಿಳಿಯಲು ಬಂದಿದ್ದರು.

ನನಗೆ ಕೋಪ ಬಂತು. ಇದು ಕಾಯಿಲೆ, ಇವಳು ರೋಗಿ, ಇದು ನೋಟೀಸ್ ಬೋರ್ಡಲ್ಲ ಎಂದು ಅಲ್ಲೇ ಭಾಷಣ ಮಾಡಿದೆ. ಮೂವರು ಚಪ್ಪಲಿ ಹುಡುಕಿಕೊಂಡು ಹೊರಟರು. ರಾಜಶೇಖರಯ್ಯನವರು ಹೊರಡಲಿಲ್ಲ.

"ಡಾಕ್ಟ್ರಮ್ಮ, ನೀವು ಹೇಳೋದು ಸರಿ," ಎಂದರು ಬಹಳ ಮರ್ಯಾದೆಯಿಂದ. "ಕಾಯಿಲೆನೇ ಇರ್ಬೋದು. ಆದ್ರೆ ಕಾಯಿಲೆ ತಪ್ಪು ಹೇಳ್ತಿಲ್ವಲ್ಲ. ಒಂದು ತಿಂಗ್ಳು ತಡೀರಿ. ಮಾರ್ಚ್ ಮುಗೀಲಿ."

ಗುರುಮಲ್ಲಪ್ಪನ ಕಡೆ ತಿರುಗಿ ಮಾತ್ರೆ ಎಲ್ಲಿ ಎಂದೆ. ಅವನು ಒಳಗಿನಿಂದ ತಂದ. ದೇವರ ಪಟದ ಮುಂದೆ ಇಟ್ಟಿದ್ದನಂತೆ, ಪೊಟ್ಟಣಕ್ಕೆ ಕುಂಕುಮ ಅಂಟಿತ್ತು. "ಸಾಯೇಬ್ರು ಇಷ್ಟ್ ಜನ ಬೇಡ ಅಂದಾಗ ನಾನೇನ್ ಮಾಡ್ಲಿ ಕಣ್ರವ್ವ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಜೀವಮಾನದಲ್ಲಿ ಕಚೇರಿಯ ಬಾಗಿಲಲ್ಲಿ ತಾನು ಕೈಕಟ್ಟಿ ನಿಂತದ್ದುಂಟು, ಕಚೇರಿಯವರು ತನ್ನ ಅಂಗಳದಲ್ಲಿ ಕೈಕಟ್ಟಿ ನಿಂತದ್ದು ಇದೇ ಮೊದಲು. ಬೇಡ ಎನ್ನುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು.

ಇಷ್ಟು ಹೊತ್ತೂ ಯಾರೂ ಸಣ್ಣಮ್ಮನನ್ನು ಕೇಳಿರಲಿಲ್ಲ, ನಾನೂ ಸೇರಿ. ಹತ್ತಿರ ಹೋಗಿ, ನಿನಗೇನು ಬೇಕಮ್ಮ ಎಂದೆ.

"ನಂಗೆ ಒಸಿ ಕೂತ್ಕಬೇಕು ಕಣ್ರವ್ವ," ಎಂದಳು. "ಅಷ್ಟೆಯ."

ಇಲ್ಲಿಗೆ ಈ ಕಥೆ ಮುಗಿದಿದ್ದರೆ ನಾನು ಒಳ್ಳೆಯ ಡಾಕ್ಟರು ಎನಿಸಿಕೊಳ್ಳುತ್ತಿದ್ದೆ. ಆದರೆ ಆಮೇಲೆ ನಡೆದದ್ದನ್ನೂ ಬರೆಯಬೇಕಲ್ಲ.

ನಮ್ಮ ಕಾರ್ಯಕ್ರಮದ ಮಂಜೂರಾತಿ ಆ ಮಾರ್ಚಿಗೇ ಮುಗಿಯುತ್ತಿತ್ತು. ಮುಂದುವರಿಸಿ ಎಂದು ನಾನು ಪ್ರಸ್ತಾವನೆ ಕಳಿಸಿ ಎಂಟು ತಿಂಗಳಾಗಿತ್ತು. ನೆನಪೋಲೆ ಮೇಲೆ ನೆನಪೋಲೆ ಕಳಿಸಿದ್ದೆ. ಉತ್ತರವಿಲ್ಲ. ಬೀರು ಖಾಲಿಯಾಗುತ್ತಾ ಬಂದಿತ್ತು. ಸೋಸಲೆಯ ಆ ಹೆಂಗಸಿಗೆ ಮಾತ್ರೆ ನಿಂತರೆ ಮತ್ತೆ ಕೊಟ್ಟಿಗೆಯ ಕಂಬ. ಇದನ್ನು ಯೋಚಿಸಿ ನನಗೂ ಎಷ್ಟೋ ದಿನದಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಈಗ ನನ್ನ ಅಂಗೈಯಲ್ಲಿ ಸಣ್ಣಮ್ಮನ ಮಾತ್ರೆ ಇದೆ, ಗುರುಮಲ್ಲಪ್ಪ ನೀರಿನ ಚೊಂಬು ಹಿಡಿದು ಕಾಯುತ್ತಿದ್ದಾನೆ. ಇದನ್ನು ನುಂಗಿದರೆ ಆ ದನಿ ಇನ್ನು ಕೆಲವು ದಿನ ಮಾತ್ರ.

ನಾನು ಕೇಳಿಬಿಟ್ಟೆ. ದನಿ ತಗ್ಗಿಸಿ, ರಾಜಶೇಖರಯ್ಯನವರಿಗೆ ಬೆನ್ನು ಹಾಕಿ, ಮಾನಸಿಕ ಆರೋಗ್ಯದ ಕಾರ್ಯಕ್ರಮದ ಬಗ್ಗೆ ಅವನೇನಾದರೂ ಓದಿದನಾ ಸಣ್ಣಮ್ಮ ಎಂದೆ. ನನ್ನ ರೋಗಿಯ ಕಾಯಿಲೆಯನ್ನೇ ನನ್ನ ಕೆಲಸದ ಗತಿ ಏನು ಎಂದು ಕೇಳಿದೆ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೂ ಕೇಳಿದೆ.

ಸಣ್ಣಮ್ಮ ಒಂದು ಗಳಿಗೆ ಕಿವಿಗೊಟ್ಟಳು. ಆಮೇಲೆ ಓದಿದಳು. ನಾನು ಅವಳದೇ ಕೇಸ್ ಶೀಟಿನ ಹಿಂಬದಿಯಲ್ಲಿ ಬರೆದುಕೊಂಡೆ. ತಾರೀಖನ್ನೂ ಹಾಕಿದೆ, ಅಭ್ಯಾಸಬಲ.

"ಮೈಸೂರು ಜಿಲ್ಲೆಯ ಟಿ. ನರಸೀಪುರ ಹಾಗೂ ಟಿ. ನರಸೀಪುರ ತಾಲ್ಲೂಕುಗಳಲ್ಲಿ ಹಾಲಿ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಈ ಕೆಳಕಂಡ ಷರತ್ತುಗಳಿಗೆ ಒಳಪಟ್ಟು ಮುಂದುವರಿಸಲು ಅನುಮತಿಸಿ ಆದೇಶಿಸಲಾಗಿದೆ."

"ನರಸೀಪುರ ಎರಡು ಸಲ ಹೇಳಿದೆ," ಎಂದೆ. "ನಂಜನಗೂಡು ಇರಬೇಕಲ್ಲ?"

"ಅವ ಓದಿದ್ದೇ ಅಂಗೆ. ನಾನ್ಯಾಕೆ ಬದ್ಲಾಯಿಸ್ಲಿ ಕಣ್ರವ್ವ," ಎಂದಳು, ಸ್ವಲ್ಪ ನೊಂದುಕೊಂಡು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನೋಡಿ, ಇದೇ ಕಾಯಿಲೆ. ನಿಜವಾದ ಆದೇಶವಾಗಿದ್ದರೆ ಒಂದೇ ಊರು ಎರಡು ಸಲ ಬರುತ್ತದೆಯೇ? ಕಾಯಿಲೆಯ ಮನಸ್ಸು ಕೇಳಿದ್ದನ್ನೇ ತಿರುಗಿಸಿ ಹೇಳುತ್ತದೆ ಎಂದು ಪಾಠದಲ್ಲೇ ಇದೆ. ಸಮಾಧಾನದಿಂದ ಮಾತ್ರೆ ಅವಳ ಕೈಗೆ ಹಾಕಿದೆ. ನುಂಗಿದಳು. ದಿನಾ ಹೀಗೆ ನಿನ್ನ ಕಣ್ಣೆದುರಿಗೇ ನುಂಗಿಸಬೇಕು ಎಂದು ಗುರುಮಲ್ಲಪ್ಪನಿಂದ ಭಾಷೆ ತೆಗೆದುಕೊಂಡು ಹೊರಟೆ. ರಾಜಶೇಖರಯ್ಯನವರು ತಂದಿದ್ದ ಬಾಳೆಗೊನೆಯ ಕಡೆ ಒಮ್ಮೆ ನೋಡಿ, ಅದನ್ನು ಅಲ್ಲೇ ಬಿಟ್ಟು, ತಮ್ಮ ಮೊಪೆಡ್ ಹತ್ತಿದರು.

ಮಾತ್ರೆ ಹತ್ತಿತು. ಮೊದಲ ವಾರ ದನಿ ತಗ್ಗಿತಂತೆ. ಎರಡನೆಯ ವಾರ "ಪಕ್ಕದ್ಮನೇಲಿ ಓದ್ದಂಗೆ" ಕೇಳುತ್ತಿತ್ತಂತೆ. ಮೂರನೆಯ ವಾರದ ಕೊನೆಗೆ ಇಲ್ಲ. ಆ ಮಂಗಳವಾರ ಸಣ್ಣಮ್ಮ ಬಸ್ಸಿನಲ್ಲಿ ಒಬ್ಬಳೇ ಬಂದು, ನನ್ನ ಮುಂದಿನ ಕುರ್ಚಿಯಲ್ಲಿ ಕೂತಳು. ನಾನು ಬೇರೆ ರೋಗಿಗಳನ್ನು ನೋಡುತ್ತಿದ್ದರೂ ಏಳಲಿಲ್ಲ. ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದಳು. ಕೂರುವುದಕ್ಕೆಂದೇ ಬಂದಿದ್ದಳು. ನಾನೂ ಏಳು ಎನ್ನಲಿಲ್ಲ.

ಅದೇ ವಾರ ರಾಜಶೇಖರಯ್ಯನವರು ಆಸ್ಪತ್ರೆಗೆ ಬಂದು, ದನಿ ನಿಂತು ತಮ್ಮ ಬಡ್ತಿಯ ವಿಷಯ ಅರ್ಧಕ್ಕೇ ಉಳಿದಿದೆ, ಸಾರ್ವಜನಿಕ ಹಿತದೃಷ್ಟಿಯಿಂದ ಮಾತ್ರೆಯನ್ನು ಸ್ವಲ್ಪ ಕಾಲ ಸ್ಥಗಿತಗೊಳಿಸಬೇಕೆಂದು ಬರವಣಿಗೆಯಲ್ಲಿ ಮನವಿ ಕೊಟ್ಟರು. ಅದನ್ನು ಯಾವ ಫೈಲಿಗೆ ಹಾಕಬೇಕೆಂದು ತಿಳಿಯದೆ ನನ್ನ ಗುಮಾಸ್ತರು ಎರಡು ದಿನ ಒದ್ದಾಡಿದರು.

ಆಮೇಲೆ ಟಪಾಲು ಬಂತು.

ಬೆಳಗಿನ ಹನ್ನೊಂದು ಗಂಟೆ. ಕಿಟಕಿಯಲ್ಲಿ ಬಿಸಿಲು. ಹೊರಗೆ ರೋಗಿಗಳ ಸಾಲು, ಯಾರೋ ಕೆಮ್ಮುತ್ತಿದ್ದರು. ಹೆದರಿಕೆಯಾಗುವಂಥದ್ದು ಒಂದೂ ಇರಲಿಲ್ಲ. ಕವರು ಒಡೆದು ಓದಿದೆ. ಮೈಸೂರು ಜಿಲ್ಲೆಯ ಟಿ. ನರಸೀಪುರ ಹಾಗೂ ಟಿ. ನರಸೀಪುರ ತಾಲ್ಲೂಕುಗಳಲ್ಲಿ ಹಾಲಿ ಜಾರಿಯಲ್ಲಿರುವ.

ಎದ್ದು ಬಾಗಿಲು ಹಾಕಿದೆ. ಬೀರುವಿನಿಂದ ಸಣ್ಣಮ್ಮನ ಕೇಸ್ ಶೀಟು ತೆಗೆದೆ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಒಂದೊಂದೇ ಪದದ ಮೇಲೆ ಬೆರಳಿಟ್ಟುಕೊಂಡು ಹೋದೆ. ಒಂದು ಅಕ್ಷರವೂ ಬೇರೆ ಇರಲಿಲ್ಲ. ನನ್ನ ಕೈಬರಹದ ಕೆಳಗೆ ನಾನೇ ಹಾಕಿದ ತಾರೀಖಿತ್ತು. ಆದೇಶದ ತಾರೀಖು ಅದಕ್ಕಿಂತ ಒಂಬತ್ತು ದಿನ ಈಚಿನದು. ಕೈಕಾಲು ತಣ್ಣಗಾದವು ಎಂದು ಜನ ಹೇಳುವುದು ಕೇಳಿದ್ದೆ. ಆವತ್ತು ನನ್ನ ನಾಡಿಯನ್ನು ನಾನೇ ಹಿಡಿದು ನೋಡಿಕೊಂಡೆ.

ಸಾಧ್ಯವಿದ್ದದ್ದನ್ನೆಲ್ಲ ಯೋಚಿಸಿದೆ. ಮೊದಲ ಅನುಮಾನ ನನ್ನ ಮೇಲೇ. ನಾನು ಕಳಿಸಿದ ಪ್ರಸ್ತಾವನೆಯಲ್ಲೇ ಆ ತಪ್ಪು ಇದ್ದು, ಅದು ನನ್ನ ಬಾಯಿಂದ ಎಲ್ಲಾದರೂ ಹೊರಬಿದ್ದಿರಬಹುದೇ? ಕಚೇರಿ ಪ್ರತಿ ತೆಗೆಸಿದೆ. ನಂಜನಗೂಡು ಮತ್ತು ಟಿ. ನರಸೀಪುರ ಎಂದು ಸರಿಯಾಗಿಯೇ ಇತ್ತು. ಮೇಲಿನ ಕಚೇರಿಯಲ್ಲಿ ಟೈಪು ಮಾಡಿದ ಕರಡು ಮೊದಲೇ ಯಾರ ಕಣ್ಣಿಗಾದರೂ ಬಿದ್ದಿತ್ತೇ? ರಾಜಶೇಖರಯ್ಯನವರನ್ನು ಕೇಳಿದೆ. ಅವರು, ನನ್ನದೇ ಕಡತ ನನ್ನ ಕಣ್ಣಿಗೆ ಬಿದ್ದಿಲ್ಲ, ನಿಮ್ಮದು ಎಲ್ಲಿಂದ ಬೀಳಬೇಕು ಎಂದರು. ಒಂದು ಕರಡನ್ನು ಯಾರೋ ನೋಡಿದರು ಎಂದೇ ಇಟ್ಟುಕೊಂಡರೂ, ಅದು ದೇವನೂರಿನ ಪಕ್ಕದ ಹಳ್ಳಿಯಲ್ಲಿ ಮೊರ ಹಿಡಿದು ನಿಂತ ಹೆಂಗಸಿನ ಕಿವಿಗೆ ಹೋದದ್ದು ಹೇಗೆ?

ಆದೇಶದ ಫಲ ಮಾತ್ರ ತಕ್ಷಣ ಕಾಣಿಸಿತು. ಕಾಗದದ ಪ್ರಕಾರ ನಂಜನಗೂಡಿನಲ್ಲಿ ಇನ್ನು ಮಾನಸಿಕ ಆರೋಗ್ಯ ಇರಲಿಲ್ಲ. ನರಸೀಪುರಕ್ಕೆ ಎರಡು ತಾಲ್ಲೂಕಿನ ಮಾತ್ರೆ ಬಂದು ಇಳಿಯಿತು. ಇಡಲು ಜಾಗ ಸಾಲದೆ ಪರದೆಯ ಆ ಕಡೆ, ಕುಟುಂಬ ಯೋಜನೆಯವರ ಬೆಂಚಿನ ಕೆಳಗೂ ಪೆಟ್ಟಿಗೆ ತಳ್ಳಿದೆವು. ಪ್ರತಿ ಮಂಗಳವಾರ ಪುಟ್ಟಸ್ವಾಮಿ ಜೀಪಿನ ಸೀಟಿನಡಿ ಮಾತ್ರೆ ಬಚ್ಚಿಟ್ಟುಕೊಂಡು, ಕಳ್ಳಸಾಗಣೆ ಮಾಡುವವನಂತೆ ಆ ಕಡೆ ಈ ಕಡೆ ನೋಡುತ್ತಾ, ಕಪಿಲೆಯ ಸೇತುವೆ ದಾಟಿ ನಂಜನಗೂಡಿಗೆ ತರುತ್ತಿದ್ದ. ಸರ್ಕಾರದ ಮಾತ್ರೆಯನ್ನು ಸರ್ಕಾರದ ಜೀಪಿನಲ್ಲಿ ಸರ್ಕಾರಕ್ಕೆ ಗೊತ್ತಾಗದಂತೆ ಸಾಗಿಸಿದ ಕಾರ್ಯಕ್ರಮ ನಮ್ಮದೊಂದೇ ಇರಬೇಕು. ತಿದ್ದುಪಡಿಗೆ ಬರೆದೆ. ಮತ್ತೆ ಬರೆದೆ.

ರಾಜಶೇಖರಯ್ಯನವರು ಒಂದು ಸಂಜೆ ನಮ್ಮ ಗೇಟಿನ ಹತ್ತಿರ ಸಿಕ್ಕಿದರು. "ತಿದ್ದುಪಡಿ ಯಾವಾಗ ಬರುತ್ತೆ ಅಂತ ಕೇಳ್ಬೋದು ಡಾಕ್ಟ್ರಮ್ಮ," ಎಂದರು. "ಹತ್ತು ದಿನ ಮಾತ್ರೆ ನಿಲ್ಸಿ, ಮತ್ತೆ ಕೊಟ್ರಾಯ್ತು. ಸಾವಿರಾರು ಜನಕ್ಕೆ ಉಪಕಾರ."

ಛೇ ಎಂದು ಬೈದು ಕಳಿಸಿದೆ ಎಂದು ಬರೆಯಬಹುದು. ಓದುವವರಿಗೆ ನಿಜ ಗೊತ್ತಾಗುವ ಹಾಗಿಲ್ಲ. ಆದರೆ ನಾನು ನಾಲ್ಕು ದಿನ ಯೋಚಿಸಿದೆ. ಐದನೆಯ ದಿನ ಮಂಗಳವಾರ. ಸಣ್ಣಮ್ಮ ಬಂದು ಕುರ್ಚಿಯಲ್ಲಿ ಕೂತು, ಕಾಲು ನೀಡಿಕೊಂಡು, ಪಕ್ಕದಲ್ಲಿದ್ದ ಯಾರ ಮಗುವಿಗೋ ಕಡಲೆಕಾಯಿ ಸುಲಿದುಕೊಡುತ್ತಿದ್ದಳು. ಊತ ಇಳಿದು ಕಾಲಿನ ಗಿಣ್ಣು ಕಾಣುತ್ತಿತ್ತು. ಮುಂದಿನ ತಿಂಗಳ ಮಾತ್ರೆಯನ್ನು ನಾನೇ ಎಣಿಸಿ ಕೈಗೆ ಕೊಟ್ಟೆ.

ತಿದ್ದುಪಡಿ ಆದೇಶ ಮಳೆಗಾಲ ಮುಗಿದ ಮೇಲೆ ಬಂತು. ಅದರಲ್ಲಿ ನಂಜನಗೂಡು ಹಾಗೂ ನಂಜನಗೂಡು ಎಂದಿತ್ತು. ಪುಟ್ಟಸ್ವಾಮಿ ಜೀಪಿನ ಸೀಟನ್ನು ಮತ್ತೆ ಎತ್ತಿದ. ಎರಡನೆಯ ತಿದ್ದುಪಡಿಯಲ್ಲಿ ಎಲ್ಲವೂ ಸರಿಹೋಯಿತು. ರಾಜಶೇಖರಯ್ಯನವರಿಗೆ ಬಡ್ತಿ ಬರಲಿಲ್ಲ.

ಇದನ್ನು ಒಳಗೇ ಇಟ್ಟುಕೊಳ್ಳಲಾರದೆ, ತರಬೇತಿಯಲ್ಲಿ ನನಗೆ ಪಾಠ ಹೇಳಿದ್ದ ಹಿರಿಯ ಮನೋವೈದ್ಯರ ಹತ್ತಿರ ಬೆಂಗಳೂರಿಗೆ ಹೋದೆ. ಬಹಳ ಕಟ್ಟುನಿಟ್ಟಿನ ಮನುಷ್ಯ. ಎರಡು ಕಾಗದವನ್ನೂ ಅವರ ಮುಂದಿಟ್ಟೆ. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಎರಡನ್ನೂ ಎರಡೆರಡು ಸಲ ಓದಿದರು.

"ಆಕೆ ಈಗ ಕೂತ್ಕೊಳ್ತಾಳಾ?" ಎಂದು ಕೇಳಿದರು.

"ಕೂತ್ಕೊಳ್ತಾಳೆ ಸಾರ್."

"ಹಾಗಾದ್ರೆ ಚಿಕಿತ್ಸೆ ಸರಿಯಾಗಿದೆ. ಮುಂದುವರಿಸಿ," ಎಂದು ಕಾಗದಗಳನ್ನು ನನ್ನ ಕಡೆ ಸರಿಸಿದರು. ನಮಸ್ಕಾರ ಹೇಳಿ ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ಕರೆದರು. ಮುಖ ಎತ್ತದೆ, ಮೇಜಿನ ಮೇಲಿನ ಏನನ್ನೋ ಸರಿಮಾಡುತ್ತಾ, "ನನ್ನ ಹೆಸರೇನಾದ್ರೂ ಓದಿದ್ಲಾ?" ಎಂದರು.

ಅದಾಗಿ ಕೆಲವು ವರ್ಷಕ್ಕೆ ನನಗೂ ಬೇರೆ ಜಿಲ್ಲೆಗೆ ವರ್ಗವಾಯಿತು. ಹೊರಡುವ ಮುಂಚೆ ಸಣ್ಣಮ್ಮನ ಮನೆಗೆ ಹೋದೆ. ಮಾತ್ರೆ ಬಹಳ ಕಡಿಮೆಯಾಗಿತ್ತು, ಅವಳು ಚೆನ್ನಾಗಿದ್ದಳು. ಗುರುಮಲ್ಲಪ್ಪ ಗದ್ದೆಗೆ ನೀರು ಕಟ್ಟಲು ಹೋಗಿದ್ದ. ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದವಳು ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟಳು. ನಾನೂ ನಾಲ್ಕು ಕಾಯಿ ಕೈಗೆತ್ತಿಕೊಂಡೆ. ಡಾಕ್ಟರಾಗಿ ಕೇಳಬಾರದ್ದನ್ನು ಆವತ್ತು ಎರಡನೆಯ ಸಲ ಕೇಳಿದೆ. ಅವನು ಹೋಗುವಾಗ ಕೊನೆಯದಾಗಿ ಏನು ಓದಿದ, ನೆನಪಿದೆಯಾ?

ಸಣ್ಣಮ್ಮ ಕೈಯಲ್ಲಿದ್ದ ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು.

"ಕಡೇ ದಿವ್ಸ ಅವ ಓದ್ನಿಲ್ಲ ಕಣ್ರವ್ವ," ಎಂದಳು. "ಅಷ್ಟು ದಿವ್ಸದಲ್ಲಿ ಅವತ್ತೊಂದೇ ದಿನ ನನ್ ಕುಟ್ಟೆ ಮಾತಾಡಿದ್ದು. ಊಟ ಆಯ್ತಾ ಅಂದ. ನಾನು ಆಯ್ತು ಅಂದೆ. ಆಮೇಲೆ ಬರ್ನೇ ಇಲ್ಲ."

ಕಾಯಿ ಬಿಡಿಸುತ್ತಿದ್ದ ಕೈ ನಿಂತಿತು.

"ಅವನ್ದು ಆಗಿತ್ತೋ ಇಲ್ವೋ," ಎಂದಳು. "ನಾ ಕೇಳ್ನಿಲ್ವಲ್ಲ."

ಆ ಎರಡು ಕಾಗದವೂ ನನ್ನ ಬೀರುವಿನಲ್ಲಿವೆ. ಆಗಾಗ ತೆಗೆದು ನೋಡುತ್ತೇನೆ. ಆವತ್ತು ಮಾತ್ರ ನಾವಿಬ್ಬರೂ ಉಳಿದ ಅವರೆಕಾಯಿ ಬಿಡಿಸಿ ಮುಗಿಸಿದೆವು.